ಕೆಲಸ ಹೋದವನ ಮನೆಬಾಗಿಲಲ್ಲಿ



ಸಂತ ಲೂಕನ ಶುಭಸಂದೇಶದ ಹದಿನಾರನೆಯ ಅಧ್ಯಾಯದಲ್ಲಿ ಕೆಲಸ ಕಳೆದುಕೊಳ್ಳಲಿದ್ದ ಮೇಲ್ವಿಚಾರಕನೊಬ್ಬ ಬರುತ್ತಾನೆ. ಗುದ್ದಲಿ ಹಿಡಿಯಲು ಮೈ ಬಗ್ಗದು, ಭಿಕ್ಷೆಗೆ ಮಾನ ಬಿಡದು. ಕೊನೆಗೆ ಧಣಿಯ ಸಾಲಪತ್ರಗಳನ್ನೇ ತಿದ್ದಿಸಿದ. ಧಣಿ ಹೊಗಳಿದ್ದು ಅವನ ಜಾಣತನವನ್ನು, ಮೋಸವನ್ನಲ್ಲ.

ಈ ಕಥೆ ನಮ್ಮ ಸೀಮೆಗೆ ದೂರದ್ದಲ್ಲ. ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಬೇಸಿಗೆ ಬಂದರೆ ಕಬ್ಬು ನುರಿಸುವ ಹಂಗಾಮು ಮುಗಿಯಿತು. ಹಂಗಾಮಿ ಕಾರ್ಮಿಕನ ಪಗಾರವೂ ನಿಂತಿತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದವರಿಗೂ ಇದು ಗೊತ್ತು. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಕಿರಾಣಿ ಅಂಗಡಿಯ ಉದ್ರಿ ಏರುತ್ತದೆ. ಆಗ, "ಒಂದೇ ರಾತ್ರಿ, ಒಂದು ಗಾಡಿ ಮಾಲು ಗಡಿ ದಾಟಿಸು" ಎನ್ನುವವನು ಬಂದು ನಿಲ್ಲುತ್ತಾನೆ.

ಏಳನೆಯ ಆಜ್ಞೆ ಹಸಿದವನಿಗೂ ಆಜ್ಞೆಯೇ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಅನ್ಯಾಯದ ಕೂಲಿಯನ್ನೂ ಅದೇ ಆಜ್ಞೆಯ ಉಲ್ಲಂಘನೆ ಎನ್ನುತ್ತದೆ. ಕೂಲಿ ಮುರಿದ ಧಣಿಗೆ ಬೇಡಿ ಬಿದ್ದದ್ದನ್ನು ನಾನಂತೂ ಕಂಡಿಲ್ಲ! ಕೆಲಸವಿಲ್ಲದವನ ಕುಟುಂಬಕ್ಕೆ ಜೀವನಾಧಾರ ಒದಗಿಸುವುದು ಕರ್ತವ್ಯವೆಂದು ಪೋಪ್ ಎರಡನೆಯ ಜಾನ್ ಪಾಲ್‌ರು 1981ರಲ್ಲೇ ಶ್ರಮ ಕುರಿತ ವಿಶ್ವಪರಿಪತ್ರದಲ್ಲಿ ಬೋಧಿಸಿದರು.

ತಂದೆಯಾದವನೇ, ಕೆಲಸ ಹೋದದ್ದನ್ನು ಹೆಂಡತಿಯಿಂದ ಮುಚ್ಚಿಡಬೇಡ. ಮೊದಲ ಸುಳ್ಳು ಅಲ್ಲೇ ಹುಟ್ಟುತ್ತದೆ. ನೆರೆಯವರೇ, ಈ ಭಾನುವಾರ ಬಲಿಪೂಜೆಯಿಂದ ನೇರ ಮನೆಗೆ ಹೋಗದೆ ಅವನ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತುಕೊಳ್ಳಿ. ಜೋಳದ ಚೀಲ ಒಯ್ದರೆ ಹಿತ್ತಲ ಬಾಗಿಲಿಂದ ಕೊಡಿ.