ಊಟ ಆಯ್ತೇ? ಓದಿ ಆಯ್ತೇ?

ಕನ್ನಡಿಗರು ಎದುರಾದರೆ ಮೊದಲು ಕೇಳುವ ಪ್ರಶ್ನೆ ಊಟದ್ದು. ಧಾರವಾಡದ ಕಡೆಯವರು ‘ಊಟ ಆತೇನ್ರಿ?’ ಎಂದರೆ ಮೈಸೂರಿನವರು ‘ಊಟ ಆಯ್ತಾ?’ ಎನ್ನುತ್ತಾರೆ, ತುಳುನಾಡಿನ ಬಂಧುಗಳು ‘ವಣಸ್ ಆಂಡಾ?’ ಎಂದು ವಿಚಾರಿಸುತ್ತಾರೆ. ಪ್ರಶ್ನೆ ಎಷ್ಟು ಬಗೆಯದಾದರೂ ಉತ್ತರ ಒಂದೇ: ‘ಆಯ್ತು.’ ಹೊಟ್ಟೆ ತಾಳ ಹಾಕುತ್ತಿದ್ದರೂ ‘ಆಯ್ತು.’ ಪುಸ್ತಕಪ್ರಿಯರು ನಾಲ್ವರು ಸೇರಿದಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ‘ಆ ಕಾದಂಬರಿ ಓದಿದಿರಾ?’ ಇದಕ್ಕೂ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಓಹೋ, ಓದಿ ಆಯ್ತು.’

ಈ ಎರಡು ‘ಆಯ್ತು’ಗಳೂ ಎಷ್ಟೋ ಸಲ ಸುಳ್ಳು. ಸುಳ್ಳು ಹೇಳುವವರ ಪಾಪಪುಣ್ಯದ ವಿಚಾರವನ್ನು ಹಿರಿಯರು ಬೇಕಾದಷ್ಟು ಮಾಡಿದ್ದಾರೆ. ಅದನ್ನು ಕೇಳಿಸಿಕೊಂಡು, ಒಳಗೊಳಗೇ ಅನುಮಾನವಿದ್ದೂ ಸುಮ್ಮನಿರುವವರ ಪಾಲು ಎಷ್ಟು? ಈ ಬರಹದ ಪ್ರಶ್ನೆ ಅಷ್ಟೇ.

ನಮ್ಮದೊಂದು ಚಿಕ್ಕ ಬಳಗ. ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ದಾದರಿನ ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಕೂಡುತ್ತೇವೆ. ದಾದರೇ ಏಕೆಂದರೆ, ಕಲ್ಯಾಣದ ಕಡೆಯಿಂದ ಬರುವವರಿಗೂ ಬೋರಿವಲಿಯ ಕಡೆಯಿಂದ ಬರುವವರಿಗೂ ಅದೇ ಕೂಡುದಾರಿ. ಮಧ್ಯ ರೈಲ್ವೆಯೂ ಪಶ್ಚಿಮ ರೈಲ್ವೆಯೂ ಅಲ್ಲಿ ಕೈ ಕುಲುಕುತ್ತವೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಮುನಿಸಿಪಾಲಿಟಿಯ ಕನ್ನಡ ಶಾಲೆಯ ಶಿಕ್ಷಕಿಯೊಬ್ಬರು, ವಿಮೆಯ ಕೆಲಸದ ದಂಪತಿಗಳು, ಉಡುಪಿ ಹೋಟೆಲೊಂದರ ಕ್ಯಾಷಿಯರರು, ಮತ್ತು ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಳ್ಳುತ್ತಿರುವ ನಾವು.

ಅಲ್ಲಿ ಪುಸ್ತಕದ ಮಾತು ಹತ್ತು ನಿಮಿಷ ನಡೆದರೆ ಊಟದ ಮಾತು ಇಪ್ಪತ್ತು ನಿಮಿಷ. ಮಾಟುಂಗದ ಮಾರುಕಟ್ಟೆಗೆ ಬಸಳೆ ಬಂದಿದೆಯೆಂಬ ಸುದ್ದಿಯಿಂದ ಹೊರಟು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ ಬರುತ್ತೇವೆ. ಗೋಕರ್ಣದವರಾದ ಅವರು ಜೀವರಸಾಯನಶಾಸ್ತ್ರ ಓದಿ ಈ ನಗರಕ್ಕೆ ಕೆಲಸಕ್ಕೆ ಬಂದವರು ಎಂಬುದು ವಿಜ್ಞಾನದ ಪದವೀಧರರಾದ ನಮಗೆ ಸುಮ್ಮನೆ ಒಂದು ಹೆಮ್ಮೆ. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ಕಟ್ಟೆಯ ಮೇಲೆ ಪೇಢೆ ಹಂಚಿದೆವು. ಪೇಢೆ ತಿಂದವರೆಲ್ಲರೂ ಕಥೆಗಳನ್ನು ಓದಿಯೇ ಇದ್ದರು! ಓದಿಲ್ಲವೆಂದವರು ಒಬ್ಬರೂ ಇರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನಮ್ಮಲ್ಲಿ ಜಗಳವಿರಲಿಲ್ಲ. ಏಕೆಂದರೆ ಯಾರೂ ಯಾರಿಗೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಬಳಗದಲ್ಲಿ ನಿಜವಾಗಿ ಓದುತ್ತಿದ್ದವರು ಕ್ಯಾಷಿಯರರು. ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಅಂಥ ರಾತ್ರಿಶಾಲೆಗಳು ಈ ನಗರದಲ್ಲಿ ಎಷ್ಟು ಹೋಟೆಲು ಹುಡುಗರ ಬಾಳಿಗೆ ದೀಪ ಹಚ್ಚಿದವೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ.

2019ರ ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಯಶವಂತ ಚಿತ್ತಾಲರ ಮಾತು ಬಂತು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ, ಬಾಂದ್ರಾದ ಕಡಲ ಬದಿಯಲ್ಲಿ ಬಹುಕಾಲ ಬಾಳಿ, 2014ರಲ್ಲಿ ತೀರಿಕೊಂಡ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ಮುಂಬಯಿಯ ಕಂಪೆನಿಯೊಂದರಲ್ಲಿ ಸಂಚಿಗೆ ಸಿಕ್ಕ ನಾಗಪ್ಪನ ಕಥೆ ಎಂಬಷ್ಟು ನಮಗೆ ಗೊತ್ತಿತ್ತು. ಕ್ಯಾಷಿಯರರು ‘ಓದಿದ್ದೀರಲ್ಲ?’ ಎಂದಾಗ ‘ಓದಿ ಆಗಿದೆ’ ಎಂದುಬಿಟ್ಟೆವು. ಕಚೇರಿಯಲ್ಲಿ ಓದದ ಕಡತದ ಮೇಲೂ ‘ನೋಡಿದೆ’ ಎಂದು ಸಹಿ ಹಾಕಿ ಮುಂದಿನ ಮೇಜಿಗೆ ಸಾಗಿಸಿ ಕೈ ಪಳಗಿತ್ತು. ‘ಹಾಗಾದರೆ ಕೊನೆಯ ಭಾಗ ಹೇಗನ್ನಿಸಿತು?’ ಎಂದರು ಅವರು. ನಾವು ತಡವರಿಸಿದೆವು. ಅವರು ನಮ್ಮ ಮುಖವನ್ನೊಮ್ಮೆ ನೋಡಿ, ಥಟ್ಟನೆ ಸಾಬೂದಾಣಿ ವಡೆಯ ಕಡೆಗೆ ಮಾತು ತಿರುಗಿಸಿದರು. ಮುಂದಿನ ತಿಂಗಳು ತಮ್ಮದೇ ಪ್ರತಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ಕೈಗಿಟ್ಟು, ‘ಇನ್ನೊಂದು ಸಲ ಓದಿ ಮಾರಾಯ್ರೆ, ಎರಡನೇ ಸಲಕ್ಕೆ ಬೇರೆಯೇ ಕಾಣುತ್ತದೆ’ ಎಂದರು.

‘ಇನ್ನೊಂದು ಸಲ’ ಎಂಬ ಆ ಮಾತಿನ ಸೌಜನ್ಯವನ್ನು ಗಮನಿಸಬೇಕು. ನಮ್ಮ ಸುಳ್ಳನ್ನು ಮುಚ್ಚಿದರು. ಆದರೆ ಸುಳ್ಳಿನಲ್ಲೇ ಬಿಡಲಿಲ್ಲ.

ಮರುವರ್ಷ ಮಾರ್ಚ್ ಬಂತು. ಲೋಕಲ್ ಗಾಡಿಗಳು ನಿಂತವು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಕಟ್ಟೆಯ ಮಾತು ಫೋನಿಗೆ ಬಂತು. ವಾರಕ್ಕೊಮ್ಮೆ ಕ್ಯಾಷಿಯರರಿಗೂ ಫೋನು ಮಾಡುತ್ತಿದ್ದೆವು. ‘ಊಟ ಆಯ್ತಾ?’ ‘ಆಯ್ತು ಮಾರಾಯ್ರೆ, ನಿಮ್ಮದು?’ ನಮ್ಮದು ಸುದೀರ್ಘವಾದ ಉತ್ತರ. ಒಂದು ದಿನ ಬಿಸಿಬೇಳೆಭಾತ್, ಒಂದು ದಿನ ಯೂಟ್ಯೂಬ್ ನೋಡಿ ಮಾಡಿದ ಅಕ್ಕಿರೊಟ್ಟಿ. ಏಪ್ರಿಲಿನಲ್ಲಿ ಕೇಂದ್ರ ನೌಕರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿದ ಆದೇಶ ಬಂದಾಗ ಆ ಅನ್ಯಾಯವನ್ನೂ ಅವರಿಗೇ ಅರ್ಧ ಗಂಟೆ ವಿವರಿಸಿದೆವು. ಅವರು ‘ಹೌದಾ? ಛೇ!’ ಎನ್ನುತ್ತ ಪೂರ್ತಿ ಕೇಳಿದರು. ಕಷ್ಟದಲ್ಲಿರುವವರಿಗೆ ದಿನಸಿ ಹಂಚುವ ಸಂಸ್ಥೆಯೊಂದಕ್ಕೆ ಚಂದಾ ಕೊಟ್ಟದ್ದನ್ನೂ ತಿಳಿಸಿದೆವು. ‘ಒಳ್ಳೇ ಕೆಲಸ ಮಾಡಿದಿರಿ’ ಎಂದರು.

ನಾವು ಮತ್ತೆ ಸೇರಿದ್ದು 2021ರ ಫೆಬ್ರವರಿ 13ರಂದು. ಸಾರ್ವಜನಿಕರಿಗೆ ಮಧ್ಯಾಹ್ನ 12ರಿಂದ 4ರವರೆಗೆ ಲೋಕಲ್ ಹತ್ತಲು ಅವಕಾಶ ಕೊಟ್ಟಿದ್ದರಿಂದ ಎರಡು ಗಂಟೆಗೇ ಕೂಡಿದೆವು. ಮನೆಯಲ್ಲಿ ಕೂತ ದಿನಗಳಲ್ಲಿ ಯಾರು ಏನೇನು ಓದಿದಿರೆಂಬ ವಿಚಾರಣೆ ನಡೆಯಿತು. ಬ್ಯಾಂಕಿನವರು ಹನ್ನೊಂದು ಪುಸ್ತಕ ಎಣಿಸಿದರು. ನಾವು ‘ಶಿಕಾರಿ’ಯನ್ನು ಈ ಸಲ ನಿಜವಾಗಿ ಓದಿ ಮುಗಿಸಿದ್ದೆವು; ಕೊನೆಯ ಭಾಗದ ಮೇಲೆ ಭಾಷಣಕ್ಕೇ ಸಿದ್ಧರಾಗಿ ಬಂದಿದ್ದೆವು. ಕ್ಯಾಷಿಯರರ ಸರದಿ ಬಂದಾಗ ಅವರು, ‘ನಾನು ಒಂದೂ ಓದಲಿಲ್ಲ’ ಎಂದರು.

ನಮಗೆಲ್ಲ ಆಶ್ಚರ್ಯ. ಶಿಕ್ಷಕಿಯವರು ಮಾತ್ರ ‘ಯಾಕೆ?’ ಎಂದು ಕೇಳಿದರು.

‘ಹಸಿವಿದ್ದಾಗ ಅಕ್ಷರ ತಲೆಗೆ ಹತ್ತುವುದಿಲ್ಲ ಟೀಚರೇ’ ಎಂದು, ಬಾಯಿ ಜಾರಿತೆಂಬಂತೆ ಸುಮ್ಮನಾದರು.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮೂವತ್ತು ವರ್ಷ ಹೋಟೆಲಿನಲ್ಲೇ ಉಂಡವರ ಖೋಲಿಯಲ್ಲಿ ಒಲೆಯೇ ಇರಲಿಲ್ಲ. ಹೋಟೆಲು ಮುಚ್ಚಿದಾಗ ಸಂಬಳದೊಡನೆ ಎರಡು ಹೊತ್ತಿನ ಊಟವೂ ನಿಂತಿತ್ತು. ಕೈಯಲ್ಲಿದ್ದ ಹಣವನ್ನು ಊರಿಗೆ ಕಳಿಸಿ, ತಾವು ದಿನಕ್ಕೊಮ್ಮೆ ಸರದಿಯಲ್ಲಿ ನಿಂತು ಸರ್ಕಾರದ ಐದು ರೂಪಾಯಿಯ ಶಿವಭೋಜನ ಥಾಲಿ ತರುತ್ತಿದ್ದರು: ಎರಡು ಚಪಾತಿ, ಪಲ್ಯ, ಅನ್ನ, ಬೇಳೆ. ಅದರಲ್ಲಿ ಚಪಾತಿಗಳನ್ನು ರಾತ್ರಿಗೆ ಎತ್ತಿಡುವುದು. ಅಕ್ಟೋಬರಿನಲ್ಲಿ ಹೋಟೆಲು ತೆರೆಯುವವರೆಗೆ ಹೀಗೆ ನಡೆಯಿತು. ಆ ತಿಂಗಳುಗಳಲ್ಲಿ ಅವರ ಪುಸ್ತಕ ನಮ್ಮ ದಿಂಬಿನ ಬಳಿ ಇತ್ತು.

ಅವರು ಹೇಳಿದ್ದು ಸುಳ್ಳೇ? ಹೌದು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ಗೆಳೆಯನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲವೆಂದು ವಾದಿಸುತ್ತಾನೆ. ಅಷ್ಟು ದೂರ ಹೋಗಬೇಕಾಗಿಲ್ಲ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿಗೆ ತಪ್ಪಬಾರದೆಂಬುದು ತೊಟ್ಟಿಲಲ್ಲೇ ಬಂದ ಪಾಠ. ಆದರೆ ಈ ಪಾಠಗಳೆಲ್ಲ ನುಡಿಯುವವರಿಗೆ. ಕೇಳುವವರ ಧರ್ಮವೇನೆಂದು ನಮಗೆ ಯಾರೂ ಕಲಿಸಲಿಲ್ಲ.

ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ನೆನಪಾಗುತ್ತದೆ. ಅದರ ಬಾಯಿ ಪೂರ್ತಿ ಮುಚ್ಚಿದಾಗಲೂ ಸೊನ್ನೆಗೆ ಸೊನ್ನೆ ಕೂಡದಿದ್ದರೆ ಅದು ‘ಶೂನ್ಯ ದೋಷ’. ದೋಷವಿದ್ದ ಮಾತ್ರಕ್ಕೆ ಉಪಕರಣವನ್ನು ಎಸೆಯುವುದಿಲ್ಲ. ಎಷ್ಟು ದೋಷವೆಂದು ತಿಳಿದು ಪ್ರತಿ ಅಳತೆಯಲ್ಲೂ ಅದನ್ನು ಕಳೆಯುತ್ತೇವೆ. ನಮ್ಮ ‘ಆಯ್ತು’ ಎಂಬ ಮಾತಿಗೂ ಇಂಥ ದೋಷವಿದೆ, ಮತ್ತು ಅದು ಎಲ್ಲ ಕನ್ನಡಿಗರಿಗೂ ಗೊತ್ತಿದೆ. ಗೊತ್ತಿದ್ದೂ ಮೇಲಿನ ಅಂಕಿಯನ್ನೇ ಬರೆದುಕೊಂಡವನನ್ನು ನಂಬಿಗಸ್ಥನೆನ್ನಲಾಗದು, ಅವನು ಸೋಮಾರಿ. ಹೋಟೆಲು ಮುಚ್ಚಿದೆಯೆಂದು ಬಲ್ಲೆವು. ಖೋಲಿಯಲ್ಲಿ ಒಲೆಯಿಲ್ಲವೆಂದು ಹಿಂದೊಮ್ಮೆ ಅವರೇ ನಗುತ್ತ ಹೇಳಿದ್ದರು. ಆದರೂ ‘ಆಯ್ತು’ ಎಂಬ ಮಾತು ನಮಗೆ ಅನುಕೂಲವಾಗಿತ್ತು. ಅದು ನಿಜವಾದರೆ ನಾವು ಏನನ್ನೂ ಮಾಡಬೇಕಾಗಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಹತ್ತಡಿ ಖೋಲಿಯಲ್ಲಿ ನಾಲ್ವರು ಬಾಳುವ ಈ ನಗರದಲ್ಲಿ ಬಡವನಿಗೆ ಉಳಿದ ಆಸ್ತಿಯೆಂದರೆ ಮರ್ಯಾದೆ. ‘ಆಯ್ತು’ ಎಂದವನನ್ನು ಕೆದಕಿ ‘ಇಲ್ಲ’ ಎನ್ನಿಸುವುದು ಕ್ರೌರ್ಯವಲ್ಲವೆ? ಬ್ಯಾಂಕಿನವರು ಹೀಗೆಯೇ ವಾದಿಸಿದರು. ಮಾತು ಸರಿ. ಆದರೆ ಉತ್ತರ ನಮ್ಮ ಕಣ್ಣ ಮುಂದೆಯೇ ಇತ್ತು. ನಮ್ಮ ಸುಳ್ಳನ್ನು ಕಂಡುಹಿಡಿದ ಕ್ಯಾಷಿಯರರು ಕೆದಕಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ತಮ್ಮ ಪುಸ್ತಕವನ್ನೇ ತಂದುಕೊಟ್ಟರು. ‘ನಮ್ಮಲ್ಲಿ ಅಕ್ಕಿ ಹೆಚ್ಚಾಗಿದೆ, ಜೊತೆಗೊಂದು ಒಲೆಯೂ ಇದೆ, ಕಳಿಸುತ್ತೇವೆ’ ಎನ್ನಲು ನಮಗೂ ನಾಲಿಗೆಯಿತ್ತು. ಸುಳ್ಳನ್ನು ಕಾಣದಂತೆ ಇರುವುದರಲ್ಲಿ ಎರಡು ಬಗೆ. ಒಂದರಲ್ಲಿ ನಾವು ಕಾಯುವುದು ಎದುರಿನವರ ಮಾನವನ್ನು. ಅದಕ್ಕೆ ನಮ್ಮ ಕೈಯಿಂದ ಏನಾದರೂ ಖರ್ಚಾಗುತ್ತದೆ. ಇನ್ನೊಂದರಲ್ಲಿ ಕಾಯುವುದು ನಮ್ಮ ನೆಮ್ಮದಿಯನ್ನು; ಅದಕ್ಕೆ ಖರ್ಚಿಲ್ಲ. ಹೊರಗಿನಿಂದ ಎರಡೂ ಒಂದೇ ಸೌಜನ್ಯದಂತೆ ಕಾಣುತ್ತವೆ.

ಇಷ್ಟೆಲ್ಲ ‘ನಾವು, ನಾವು’ ಎಂದೇ ಬರೆದೆವು. ‘ನಾವು’ ಎಂದಾಗ ತಪ್ಪು ಆರು ಪಾಲಾಗಿ ಹಗುರವಾಗುತ್ತದೆಂಬುದೂ ಗೊತ್ತಿದೆ. ವಾರವಾರ ಆ ಫೋನು ಮಾಡಿದ ಕೈ ಮಾತ್ರ ಒಂದೇ, ಇದನ್ನು ಬರೆಯುತ್ತಿರುವ ಕೈ.

ಈಗ ಬಳಗದಲ್ಲಿ ಎರಡು ರೂಢಿಗಳು ಬೆಳೆದಿವೆ. ‘ಓದಿಲ್ಲ’ ಎನ್ನುವುದು ಅವಮಾನವಲ್ಲ. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ, ಆರು ಮಂದಿಯಲ್ಲಿ ನಾಲ್ವರು ಓದಿಲ್ಲವೆಂದು ನೇರವಾಗಿ ಒಪ್ಪಿಕೊಂಡೆವು, ಓದಿದ್ದ ಇಬ್ಬರಿಂದ ಎರವಲು ಪಡೆದೆವು. ಎರಡನೆಯ ರೂಢಿ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದ್ದದ್ದೇ: ಊಟ ಆಯ್ತೆಂದವರಿಗೆ ‘ಏನು ಸಾರು?’ ಎಂದು ಕೇಳುವುದು. ಕೇಳುವ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ.

ಕಳೆದ ಶನಿವಾರ ಕ್ಯಾಷಿಯರರು ತಡವಾಗಿ ಬಂದರು.

‘ಊಟ ಆಯ್ತಾ?’ ಎಂದೆವು.

‘ಆಯ್ತು.’

‘ಏನು ಸಾರು?’

ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. ‘ಇನ್ನೂ ಆಗಿಲ್ಲ ಮಾರಾಯ್ರೆ’ ಎಂದರು. ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಎಲ್ಲರೂ ಎದ್ದೆವು.