ಹತ್ತು ಮೈಕ್ರೊಗ್ರಾಮಿನ ಲೆಕ್ಕ

ನಮ್ಮ ಊರಿನ ಬಸದಿಯ ಟ್ರಸ್ಟು ಪ್ರತಿವರ್ಷವೂ ಸಮಾಜದ ವಿದ್ಯಾರ್ಥಿಗಳಿಗೆ ಸಹಾಯಧನ ನೀಡುತ್ತ ಬಂದಿದೆ. ಈ ಸಲದ ಅರ್ಜಿಗಳಲ್ಲಿ ಒಂದು ಜೀವವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವ ಹೆಣ್ಣುಮಗಳೊಬ್ಬಳದು. ತನಗೆ ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲಿ ಆಕೆ ‘ಮರುಸಂಯೋಜಿತ ಮಾನವ ಝಿಂಕ್ ಫಿಂಗರ್ ಪ್ರೋಟೀನು, 10 ಮೈಕ್ರೊಗ್ರಾಂ’ ಎಂದು ಬರೆದಿದ್ದಳು. ಅದನ್ನು ಓದುತ್ತಿದ್ದ ಹಿರಿಯರೊಬ್ಬರು ‘ಮಾನವ’ ಎಂಬ ಪದದ ಬಳಿ ತಡೆದರು. ಮನುಷ್ಯನ ಶರೀರದಿಂದ ತೆಗೆದ ವಸ್ತುವಿಗೆ ಶ್ರಾವಕರು ದಾನವಿತ್ತ ಹಣವನ್ನು ಕೊಡಬಹುದೇ ಎಂಬುದು ಅವರ ಶಂಕೆ. ವಿಷಯವನ್ನು ತಿಳಿದುಕೊಂಡು ಬರುವ ಹೊಣೆ ನನ್ನ ಮೇಲೆ ಬಿದ್ದಿತು.

ಶಂಕೆಗೆ ಉತ್ತರ ಸುಲಭ. ಆ ಸೀಸೆಯಲ್ಲಿ ಮನುಷ್ಯನ ದೇಹದ ಕಣವೊಂದೂ ಇರುವುದಿಲ್ಲ. ಇರುವುದು ಮಾನವ ಜೀನಿನ ಬರಹ ಮಾತ್ರ. ಆ ಬರಹವನ್ನು ನೋಡಿಕೊಂಡು ಪ್ರೋಟೀನನ್ನು ಕಟ್ಟಿಕೊಟ್ಟದ್ದು ಇ. ಕೋಲೈ ಎಂಬ ಸೂಕ್ಷ್ಮಜೀವಿ. ಆದರೆ ಉತ್ತರ ದೊರೆತಲ್ಲಿಯೇ ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು.

ಝಿಂಕ್ ಫಿಂಗರ್ ಎಂದರೆ ಸತುವಿನ ಬೆರಳು. ನಮ್ಮ ಜೀವಕೋಶಗಳಲ್ಲಿ ಡಿಎನ್ಎಯನ್ನು ಹಿಡಿದು, ಯಾವ ಜೀನು ಎಚ್ಚರವಾಗಿರಬೇಕು, ಯಾವುದು ಮಲಗಿರಬೇಕು ಎಂಬುದನ್ನು ನಿಯಂತ್ರಿಸುವ ಪ್ರೋಟೀನುಗಳಲ್ಲಿ ಇವು ಬಹುದೊಡ್ಡ ಕುಲ. ಮನುಷ್ಯನಲ್ಲಿ ಇಂತಹ ಜೀನುಗಳು 700ಕ್ಕೂ ಹೆಚ್ಚು. ಸುಮಾರು 30 ಅಮೈನೊ ಆಮ್ಲಗಳ ಒಂದು ಎಳೆ ಸತುವಿನ ಒಂದು ಪರಮಾಣುವನ್ನು ನಾಲ್ಕು ಕಡೆಯಿಂದ ಬಿಗಿದುಕೊಂಡು ಮಡಿಚಿಕೊಂಡಾಗ ಒಂದು ಬೆರಳಾಗುತ್ತದೆ. ಸತುವು ಹೋದರೆ ಬೆರಳಿನ ಆಕಾರವೇ ಕೆಡುತ್ತದೆ. ಇದನ್ನು 1985ರಲ್ಲಿ ಮೊದಲು ಗುರುತಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಏರನ್ ಕ್ಲುಗ್ ಮತ್ತು ಅವರ ಸಹೋದ್ಯೋಗಿಗಳು. ಅವರು ಪರೀಕ್ಷಿಸಿದ ಪ್ರೋಟೀನು ದೊರೆತದ್ದು ಕ್ಸೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಎಳೆಯ ಅಂಡಾಶಯದಿಂದ. ಆ ಪ್ರೋಟೀನು ಅಲ್ಲಿ ಹೇರಳವಾಗಿ ಶೇಖರವಾಗಿರುತ್ತದೆ ಎಂಬುದೇ ಕಪ್ಪೆಯ ದುರ್ದೈವ.

ಇಂದಿನ ವಿಧಾನ ಬೇರೆ. ಜೀನಿನ ಪ್ರತಿಯನ್ನು ಒಂದು ಪುಟ್ಟ ಡಿಎನ್ಎ ಬಳೆಯಲ್ಲಿ ಸೇರಿಸಿ ಸೂಕ್ಷ್ಮಜೀವಿಯೊಳಕ್ಕೆ ಬಿಡುತ್ತಾರೆ. ಬೆಚ್ಚನೆಯ ಪೋಷಕ ದ್ರವದಲ್ಲಿ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಮಿಲಿಲೀಟರಿನಲ್ಲಿ ಸುಮಾರು 100 ಕೋಟಿ, ಒಂದು ಲೀಟರಿನಲ್ಲಿ ಲಕ್ಷ ಕೋಟಿ. ಬಳಿಕ ಅವನ್ನು ಶಬ್ದತರಂಗಗಳಿಂದ ಒಡೆದು ಪ್ರೋಟೀನನ್ನು ಬೇರ್ಪಡಿಸುತ್ತಾರೆ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ಅಂದರೆ ಅದು ಔಷಧವಲ್ಲ. ಇದರಿಂದ ನಾಳೆ ಯಾರಾದರೊಬ್ಬ ರೋಗಿ ಬದುಕುವನೆಂದು ಆಣೆಯಿಟ್ಟು ಹೇಳುವಂತಿಲ್ಲ. ತಿಳಿವಳಿಕೆಯೊಂದೇ ಅದರ ನಿಶ್ಚಿತ ಫಲ.

ಹಾಗಾದರೆ ಒಂದು ಕಪ್ಪೆಯೋ, ಲಕ್ಷ ಕೋಟಿ ಜೀವಿಗಳೋ? ಈ ತಕ್ಕಡಿ ನಮಗೆ ಹೊಸದಲ್ಲ. ಅನೇಕ ಸಣ್ಣ ಜೀವಿಗಳನ್ನು ಕೊಂದು ಉಣ್ಣುವುದಕ್ಕಿಂತ ದೊಡ್ಡ ಜೀವಿಯೊಂದನ್ನು ಕೊಲ್ಲುವುದೇ ಮೇಲು ಎಂಬ ವಾದವನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ತಲೆಯೆಣಿಕೆಯಿಂದ ಹಿಂಸೆಯ ತೂಕ ನಿರ್ಧಾರವಾಗದು. ಏಕೇಂದ್ರಿಯಕ್ಕೆ ಪ್ರಾಣಗಳು 4. ಮನಸ್ಸುಳ್ಳ ಪಂಚೇಂದ್ರಿಯಕ್ಕೆ 10. ಕಪ್ಪೆಯನ್ನು ಹಿಡಿಯಬೇಕು, ಒದ್ದಾಡುವಾಗ ಅದುಮಬೇಕು. ಅಷ್ಟರಲ್ಲಿ ಹಿಡಿದ ಕೈಯ ಹಿಂದಿರುವ ಮನಸ್ಸೂ ಗಟ್ಟಿಯಾಗುತ್ತದೆ. ಆದುದರಿಂದ ಕಪ್ಪೆಯನ್ನು ಬಿಟ್ಟು ಸೂಕ್ಷ್ಮಜೀವಿಯತ್ತ ತಿರುಗಿದ ವಿಜ್ಞಾನ, ತನಗೆ ತಿಳಿಯದೆಯೇ ಸರಿಯಾದ ದಿಕ್ಕಿಗೆ ಹೆಜ್ಜೆಯಿಟ್ಟಿದೆ ಎಂದೇ ನನ್ನ ಅಭಿಪ್ರಾಯ. ಇನ್ಸುಲಿನ್ನಿನಲ್ಲಿಯೂ ಹೀಗೆಯೇ ಆಯಿತು. ದಶಕಗಳ ಕಾಲ ದನ ಹಂದಿಗಳ ಮೇದೋಜೀರಕಾಂಗದಿಂದ ತೆಗೆಯುತ್ತಿದ್ದ ಆ ಔಷಧ 1982ರಿಂದ ಸೂಕ್ಷ್ಮಜೀವಿಯ ಕೈಕೆಲಸವಾಗಿ ಬರತೊಡಗಿತು. ನಮ್ಮ ಮನೆಗಳ ಮಧುಮೇಹಿಗಳಲ್ಲಿ ಎಷ್ಟು ಮಂದಿ ಇದನ್ನು ಕೇಳಿ ತಿಳಿದುಕೊಂಡಿದ್ದಾರೋ!

ಆದರೆ ಇಷ್ಟಕ್ಕೇ ಲಕ್ಷ ಕೋಟಿ ಜೀವಿಗಳ ಸಾವು ಶೂನ್ಯವಾಯಿತೆಂದು ಹೇಳಲು ನನಗೆ ಧೈರ್ಯವಿಲ್ಲ. ಉಳುವವನ ಹಿಂಸೆ ಉದ್ಯೋಗಿ. ಅಡಿಗೆ ಮಾಡುವವಳದು ಆರಂಭಿ. ಇಬ್ಬರ ಉದ್ದೇಶವೂ ಕೊಲ್ಲುವುದಲ್ಲ. ಪ್ರಯೋಗಶಾಲೆಯಲ್ಲಿಯೋ ಕೋಶವನ್ನು ಒಡೆಯುವುದೇ ಕೆಲಸದ ಒಂದು ಹಂತ. ಇದು ಸಂಕಲ್ಪಿ ಹಿಂಸೆಯ ಹೊಸ್ತಿಲಿಗೆ ಬಂದು ನಿಂತಂತೆ ತೋರುತ್ತದೆ. ಆದರೂ ನಾವು ನೀರನ್ನು ಸೋಸಿ ಕಾಯಿಸುವಾಗ ಆ ನೀರಿನ ಜೀವಗಳ ಗತಿ ಏನಾಗುತ್ತದೆಂದು ಅರಿತೇ ಕಾಯಿಸುತ್ತೇವೆ; ಮರ್ಯಾದೆಯ ಅವಧಿಯೊಳಗೆ ಮೊಸರನ್ನೂ ಉಣ್ಣುತ್ತೇವೆ. ಗೃಹಸ್ಥನಿಗೆ ಸ್ಥಾವರಹಿಂಸೆಯ ಸಂಪೂರ್ಣ ತ್ಯಾಗವನ್ನು ವಿಧಿಸಿಲ್ಲ, ಅದರ ಮಿತಿಯನ್ನು ವಿಧಿಸಿದೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟದ್ದು ಇಲ್ಲಿ ನೆನೆಯತಕ್ಕದ್ದು. 50 ಮಿಲಿಲೀಟರು ಸಾಕಾಗುವಲ್ಲಿ ಒಂದು ಲೀಟರು ಬೆಳೆಸಿ, ಉಳಿದುದನ್ನು ಶೀತಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮರೆತು, ಕೊನೆಗೆ ಚೆಲ್ಲುವುದು ಪ್ರಮಾದವಲ್ಲದೆ ಮತ್ತೇನು?

ಸಿದ್ಧ ಸೀಸೆಯನ್ನು ಕೊಂಡರೆ ಕೈ ತೊಳೆದುಕೊಂಡಂತಾಯಿತೆಂಬ ಭಾವನೆಯೂ ಇದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಲೆಕ್ಕಹಾಕುವ ನಮಗೆ ಆ ಸಮಾಧಾನ ಸಲ್ಲದು. ಕೊಂಡವನೂ, ಕೊಳ್ಳಲು ಹಣ ಕೊಟ್ಟ ಟ್ರಸ್ಟೂ ಆ ಲೆಕ್ಕದಲ್ಲಿದ್ದಾರೆ.

ನಾನು ನಿರೀಕ್ಷಿಸದಿದ್ದ ಹಿಂಸೆ ಎರಡು ಕಡೆ ಅಡಗಿತ್ತು. ಒಂದು, ಪೋಷಕ ದ್ರವ. ಅದರ ಟ್ರಿಪ್ಟೋನು ಹಾಲಿನ ಕೇಸೀನಿನಿಂದ ಮಾಡಿದ್ದು ಎಂದು ಕೇಳಿ ಸಂತೋಷಪಟ್ಟೆ. ಆದರೆ ಕೇಸೀನನ್ನು ಕತ್ತರಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಬಹುಕಾಲದಿಂದ ಹಂದಿಯ ಮೇದೋಜೀರಕಾಂಗದಿಂದಲೇ ತೆಗೆಯುತ್ತ ಬಂದಿದ್ದಾರೆ. ಸೋಯಾ ಮೊದಲಾದ ಸಸ್ಯಮೂಲದ ಪೆಪ್ಟೋನುಗಳೂ ದೊರೆಯುತ್ತವೆ. ಎರಡನೆಯದು ಇನ್ನೂ ಘೋರ. ಇಂತಹ ಪ್ರೋಟೀನನ್ನು ಮೊಲದ ಶರೀರಕ್ಕೆ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯಗಳನ್ನು ಪಡೆಯುವ ರೂಢಿಯಿದೆ. ಪ್ರಾಣಿಗಳಿಲ್ಲದೆಯೂ ಪ್ರತಿಕಾಯಗಳನ್ನು ತಯಾರಿಸಬಹುದಾದ ಕಾರಣ, ಅದಕ್ಕಾಗಿ ಪ್ರಾಣಿಗಳನ್ನು ಬಳಸಬಾರದೆಂದು ಐರೋಪ್ಯ ಒಕ್ಕೂಟದ ಪರ್ಯಾಯ ಪ್ರಯೋಗ ಕೇಂದ್ರವು 2020ರಲ್ಲಿ ಶಿಫಾರಸು ಮಾಡಿದೆ.

ಇದೆಲ್ಲವನ್ನೂ ಸಭೆಗೆ ಒಪ್ಪಿಸಿದೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ನಾವು ಬೆದರಿದ್ದು ಒಂದು ಪದಕ್ಕೆ, ಕೇಳಬೇಕಾದದ್ದು ಮೊಲದ ಮಾತು” ಎಂದರು. ಹಣ ಮಂಜೂರಾಯಿತು, ಜೊತೆಗೆ ಎರಡು ಪ್ರಶ್ನೆಗಳಿದ್ದ ಪತ್ರವೂ ಹೋಯಿತು.

ಆಕೆಯ ಉತ್ತರ ಕಳೆದ ವಾರ ಬಂದಿದೆ. ಮೊಲದ ಕೆಲಸ ಯೋಜನೆಯಲ್ಲಿ ಇತ್ತಂತೆ. ಮಾರ್ಗದರ್ಶಕರೊಡನೆ ಮಾತನಾಡಿ ಅದನ್ನು ಕೈಬಿಡಿಸಿದ್ದಾಳೆ. ಸಸ್ಯಮೂಲದ ದ್ರವವನ್ನೂ ಪರೀಕ್ಷಿಸಿದ್ದಾಳೆ. ಆದರೆ ಅದರಲ್ಲಿ ತನ್ನ ಪ್ರೋಟೀನಿನ ಇಳುವರಿ ಅರ್ಧಕ್ಕಿಳಿದಿದೆ, ಅಷ್ಟೇ ಪ್ರೋಟೀನಿಗೆ ಎರಡರಷ್ಟು ಸೂಕ್ಷ್ಮಜೀವಿಗಳನ್ನು ಬೆಳೆಸಿ ಒಡೆಯಬೇಕಾಗುತ್ತದೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದಾಳೆ. ಪತ್ರ ಕಡತದಲ್ಲಿದೆ. ಸಭೆ ಇನ್ನು ದಶಲಕ್ಷಣ ಪರ್ವದ ಬಳಿಕ.