ಕೂಗಳತೆ ದೂರ

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಟೆಕ್ಸಾಸ್‌ನಿಂದ ಗೆಳೆಯನ ಮೆಸೇಜು ಬಂತು. ಮಂಡ್ಯದಲ್ಲಿ ಬಿಇ ಓದುವಾಗ ನನ್ನ ರೂಮ್‌ಮೇಟ್ ಆಗಿದ್ದವನು, ಈಗ ಆಸ್ಟಿನ್ ಹತ್ತಿರ ಇದ್ದಾನೆ. ‘ಮಗಾ, ಆಫೀಸಿನೋರೊಬ್ಬರ ರಾಂಚ್‌ಗೆ ಹಂದಿ ಬೇಟೆಗೆ ಕರೆದಿದಾರೆ. ಬಿಲ್ಲು ಬಾಣ ಕಲೀತಾ ಇದೀನಿ. ಬಜೆಟ್ ಇರೋದು ಒಂದಕ್ಕೇ. ಜಿಪಿಎಸ್ ತಗೊಳ್ಳಲಾ, ರೇಂಜ್‌ಫೈಂಡರ್ ತಗೊಳ್ಳಲಾ?’ ಜೊತೆಗೆ ಎರಡು ಲಿಂಕು.

ಲ್ಯಾಪ್‌ಟಾಪ್ ಯಾವುದು, ಫೋನ್ ಯಾವುದು ಅಂತ ಜನ ನನ್ನನ್ನು ಕೇಳೋದು ಮಾಮೂಲು. ಸಾಫ್ಟ್‌ವೇರಿನವನಿಗೆ ಎಲೆಕ್ಟ್ರಿಕ್ ಸ್ಟೌ ಕೂಡ ಗೊತ್ತಿರುತ್ತೆ ಅಂತ ನಂಬಿರುವ ನೆಂಟರಿದ್ದಾರೆ. ಅದೇ ಅಭ್ಯಾಸದಲ್ಲಿ ಸ್ಪೆಕ್ಸ್ ನೋಡಿ ಉತ್ತರ ಬರೆಯೋಕೆ ಕೂತೆ. ಕೈ ಓಡಲಿಲ್ಲ.

ಎರಡೂ ಯಂತ್ರಗಳ ಒಳಗಿರುವ ಲೆಕ್ಕ ಒಂದೇ. ಬೆಳಕಿನ ವೇಗ ಗೊತ್ತಿದೆ, ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರೆ ದೂರ ಸಿಗುತ್ತದೆ. ರೇಂಜ್‌ಫೈಂಡರು ಎದುರಿಗಿರುವ ಪ್ರಾಣಿಯ ಮೇಲೆ ಲೇಸರ್ ಬಿಟ್ಟು, ಅದು ವಾಪಸ್ ಬರುವ ಹೊತ್ತನ್ನು ಎಣಿಸುತ್ತದೆ. ಪ್ರಾಣಿ 300 ಮೀಟರ್ ದೂರ ಇದ್ದರೆ ಹೋಗಿ ಬರೋಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಸಾಕು. ಜಿಪಿಎಸ್ಸು ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಕನಿಷ್ಠ ನಾಲ್ಕು ಉಪಗ್ರಹಗಳ ಸಿಗ್ನಲ್ ಹಿಡಿದು ಇದೇ ಲೆಕ್ಕ ಮಾಡುತ್ತದೆ. ಆದರೆ ಕೇಳುವ ಪ್ರಶ್ನೆ ಬೇರೆ. ಜಿಪಿಎಸ್ ಕೇಳೋದು ‘ನಾನು ಎಲ್ಲಿದ್ದೀನಿ?’ ರೇಂಜ್‌ಫೈಂಡರ್ ಕೇಳೋದು ‘ಅದು ಎಷ್ಟು ದೂರ ಇದೆ?’

ಥಟ್ಟನೆ ನನಗೆ ಅನ್ನಿಸಿದ್ದು, ಜಿಪಿಎಸ್ ಪಾಪದ ಯಂತ್ರ, ರೇಂಜ್‌ಫೈಂಡರ್ ಪಾಪಿ ಯಂತ್ರ ಅಂತ. ಒಂದು ಮನೆಗೆ ದಾರಿ ತೋರಿಸುತ್ತೆ, ಇನ್ನೊಂದು ಕೊಲ್ಲೋಕೆ ಸಹಾಯ ಮಾಡುತ್ತೆ. ನೀವೂ ಹಾಗೇ ಅಂದುಕೊಂಡಿದ್ದರೆ ಒಂದು ಸಣ್ಣ ಲೆಕ್ಕ ನೋಡಿ. ಬಾಣದ ವೇಗ ಸೆಕೆಂಡಿಗೆ 80 ಮೀಟರ್ ಅಂತ ಇಟ್ಟುಕೊಳ್ಳಿ. ಹಂದಿ 30 ಮೀಟರ್ ದೂರದಲ್ಲಿದೆ ಅಂತ ಕಣ್ಣಂದಾಜಿನಲ್ಲಿ ಗುರಿ ಹಿಡಿದಿರಿ. ನಿಜಕ್ಕೂ ಅದು 40 ಮೀಟರ್‌ನಲ್ಲಿತ್ತು. ಬಾಣ ಸುಮಾರು ಒಂದು ಅಡಿ ಕೆಳಗೆ ಹೋಗುತ್ತದೆ. ಹಂದಿಯ ಎದೆಗೂಡಿನಲ್ಲಿ ತಕ್ಷಣ ಪ್ರಾಣ ಹೋಗುವ ಜಾಗ ಇರೋದು ಹೆಚ್ಚುಕಮ್ಮಿ ಒಂದು ಗೇಣು. ಒಂದು ಅಡಿ ತಪ್ಪಿದರೆ ಕಾಲಿಗೋ ಹೊಟ್ಟೆಗೋ ಬೀಳುತ್ತೆ. ಆ ಹಂದಿ ಸಾಯೋಕೆ ಎರಡು ದಿನ ತಗೊಳ್ಳಬಹುದು. ಕೊಲ್ಲೋದು ಅಂತ ಒಮ್ಮೆ ತೀರ್ಮಾನವಾದ ಮೇಲೆ, ನರಳಿಸದೆ ಕೊಲ್ಲೋಕೆ ದಾರಿ ಮಾಡಿಕೊಡುವ ಯಂತ್ರವನ್ನು ಪಾಪಿ ಅನ್ನೋದು ಹೇಗೆ?

ಅಷ್ಟಕ್ಕೇ ಮುಗಿಯಲ್ಲ. ಬಾಣ 40 ಮೀಟರ್ ಹೋಗೋಕೆ ಅರ್ಧ ಸೆಕೆಂಡು ಬೇಕು, ಅಷ್ಟರಲ್ಲಿ ಹಂದಿ ಒಂದು ಹೆಜ್ಜೆ ಇಟ್ಟಿರುತ್ತದೆ. ಅಂಕಿ ನಿಖರ, ಹಂದಿ ನಿಖರ ಅಲ್ಲ. ‘ಅಳೆದಾಯ್ತಲ್ಲ, ಬಿಡು’ ಅನ್ನುವ ಧೈರ್ಯವನ್ನೂ ಅದೇ ಯಂತ್ರ ಕೊಡುತ್ತದೆ. ಅಳತೆ ಇಲ್ಲದಿದ್ದಾಗ ಅಂಜಿ ಬಿಡದೇ ಇದ್ದವನು ಈಗ 60 ಮೀಟರಿಗೂ ಬಿಡುತ್ತಾನೆ. ಪರ್ಫೆಕ್ಟ್ ಡ್ಯಾಶ್‌ಬೋರ್ಡ್ ಇದ್ದ ದಿನವೇ ದೊಡ್ಡ ತಪ್ಪು ರಿಲೀಸ್ ಮಾಡಿದ ಅನುಭವ ನಮ್ಮ ವೃತ್ತಿಯವರಿಗೆ ಹೊಸದಲ್ಲ.

ನನ್ನ ಕೈ ಓಡದಿರೋಕೆ ಇನ್ನೊಂದು ಕಾರಣ ಇತ್ತು. ನಾನು ಬಂಡೂರಿನವನು. ಮಳವಳ್ಳಿ ತಾಲ್ಲೂಕಿನ ಬಂಡೂರು. ಬೆಂಗಳೂರಿನಲ್ಲಿ ‘ಬನ್ನೂರು ಕುರಿ’ ಅಂತ ಬೋರ್ಡ್ ಹಾಕಿ ಮಾರ್ತಾರಲ್ಲ, ಆ ಗಿಡ್ಡ ಕಾಲಿನ, ತುಂಬಿದ ಮೈಯ ತಳಿಯ ಮೂಲ ನಮ್ಮೂರು. ಭಾನುವಾರ ಮುಕ್ಕಾಲು ಕೆಜಿ ತಂದು ತಿನ್ನುವ ನನಗೆ ಬೇಟೆ ಅಂದಕೂಡಲೇ ಮುಖ ಸಿಂಡರಿಸುವ ಹಕ್ಕು ಅಷ್ಟೇನೂ ಇಲ್ಲ.

ಗೆಳೆಯ ಹೊಡೆಯೋಕೆ ಹೊರಟಿರೋ ಹಂದಿ, ನಮ್ಮೂರ ಕಬ್ಬಿನ ಗದ್ದೆಗೆ ನುಗ್ಗೋ ಹಂದಿ, ಎರಡರದ್ದೂ ಒಂದೇ ಜಾತಿ, ಸುಸ್ ಸ್ಕ್ರೋಫಾ. ಟೆಕ್ಸಾಸ್‌ನಲ್ಲಿ ಅದು ಪೀಡೆ. ಜಮೀನಿನವರ ಒಪ್ಪಿಗೆ ಇದ್ದರೆ ಖಾಸಗಿ ನೆಲದಲ್ಲಿ ಹೊಡೆಯೋಕೆ 2019ರಿಂದ ಲೈಸೆನ್ಸೂ ಬೇಡ. ದುಡ್ಡು ಕೊಟ್ಟು ಹೆಲಿಕಾಪ್ಟರಿನಲ್ಲಿ ಕೂತು ಹೊಡೆಯೋಕೂ 2011ರಲ್ಲೇ ಕಾನೂನು ಮಾಡಿಕೊಟ್ಟಿದ್ದಾರೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಹೊಡೆದರೆ ಅಪರಾಧ, ಉರುಳು ಹಾಕಿದರೂ ಅಪರಾಧ. ಹಂದಿಯ ನೋವು ಮಾತ್ರ ಎರಡು ಕಡೆನೂ ಒಂದೇ.

ಉರುಳು ಅಂದೆನಲ್ಲ, ವಿಷಯ ಇರೋದು ಅಲ್ಲೇ. ನಾನಾಗ ಏಳನೇ ಕ್ಲಾಸು. ರಾತ್ರಿ ಹಂದಿ ಬಂದು ಕಬ್ಬು ಮುರಿದು ಹಾಕ್ತಿದ್ದವು. ಒಂದೇ ರಾತ್ರಿಗೆ ಒಂದು ಗುಂಟೆ ನೆಲಸಮ. ದೊಡ್ಡಪ್ಪ ನನ್ನ ಕೈಗೆ ದುಡ್ಡು ಕೊಟ್ಟು, ಮಳವಳ್ಳಿಗೆ ಹೋಗಿ ಹಳೇ ಕ್ಲಚ್ ವೈರು ತಗೊಂಡ್ ಬಾ ಅಂದರು. ತಂದೆ. ಬೇಲಿಯ ಗಂಡಿಯಲ್ಲಿ ಉರುಳು ಕಟ್ಟುವಾಗ ಗಂಟು ಬಿಗಿ ಹಿಡಿದುಕೊಂಡಿದ್ದವನೂ ನಾನೇ. ಮೂರನೇ ದಿನ ಬೆಳಿಗ್ಗೆ ಅದರಲ್ಲಿ ಸಿಕ್ಕಿಕೊಂಡಿದ್ದು ನಮ್ಮ ಕರಿಯ. ನಾಯಿ. ರಾತ್ರಿಯೆಲ್ಲ ಎಳೆದಾಡಿ ವೈರು ಸೊಂಟದ ಒಳಕ್ಕೆ ಇಳಿದಿತ್ತು. ಗದ್ದೆ ನಮ್ಮ ಮನೆಗೆ ಕೂಗಳತೆ ದೂರ ಅಂತಲೇ ಎಲ್ಲರೂ ಹೇಳೋರು. ಅದು ಕೂಗಿರುತ್ತೆ. ನಾವು ಮಲಗಿದ್ದೆವು. ನನ್ನನ್ನು ನೋಡಿ ಕರಿಯ ಬಾಲ ಅಲ್ಲಾಡಿಸಿತು. ಮಧ್ಯಾಹ್ನದ ಹೊತ್ತಿಗೆ ಸತ್ತುಹೋಯಿತು.

ದೊಡ್ಡಪ್ಪ ಆ ದಿನ ಮಾತಾಡಲಿಲ್ಲ. ಸಂಜೆ ಉರುಳು ಬಿಚ್ಚಿ ಬಾವಿಗೆ ಎಸೆದರು.

ಈಗ ಯೋಚನೆ ಮಾಡಿದರೆ, ಉರುಳಿಗೆ ಆ ಎರಡು ಪ್ರಶ್ನೆಗಳಲ್ಲಿ ಒಂದೂ ಇಲ್ಲ. ನಾನು ಎಲ್ಲಿದ್ದೀನಿ? ಮನೆಯಲ್ಲಿ, ಹೊದ್ದುಕೊಂಡು. ಅದು ಎಷ್ಟು ದೂರ? ಗೊತ್ತಿಲ್ಲ. ಅದು ಯಾವ ಪ್ರಾಣಿ? ಅದೂ ಗೊತ್ತಿಲ್ಲ. ಹಂದಿಗೆ ಇಡುವ ಸಿಡಿಮದ್ದಿನ ಕಥೆಯೂ ಇದೇ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಬಾಯಿ ಸಿಡಿದು ನದಿಯಲ್ಲಿ ನಿಂತು ಸತ್ತಿತಲ್ಲ, ಇಡೀ ದೇಶ ಮರುಗಿತು. ಮದ್ದು ಇಟ್ಟವರು ಆನೆಯ ಎದುರಿಗೆ ಇದ್ದಿದ್ದರೆ ಖಂಡಿತ ಕೊಡುತ್ತಿರಲಿಲ್ಲ. ಎದುರಿಗೆ ಇರಲಿಲ್ಲ, ಅಷ್ಟೇ.

ಅಮೆರಿಕದ ಆಲ್ಡೊ ಲಿಯೊಪೋಲ್ಡ್ ಅರಣ್ಯಶಾಸ್ತ್ರ ಓದಿದವರು, ಸ್ವತಃ ಬೇಟೆಗಾರರು. ಅವರ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ 1949ರಲ್ಲಿ ಬಂತು. ಬೇಟೆಗಾರನಿಗೆ ಚಪ್ಪಾಳೆ ತಟ್ಟೋಕೂ ಛೀ ಅನ್ನೋಕೂ ಪ್ರೇಕ್ಷಕರಿಲ್ಲ, ಇರೋದು ಅವನ ಮನಸ್ಸಾಕ್ಷಿ ಒಂದೇ ಅನ್ನುವ ಅರ್ಥದ ಮಾತು ಅದರಲ್ಲಿದೆ. ಬೇಟೆಗೆ ಗ್ಯಾಜೆಟ್ ಹೊತ್ತುಕೊಂಡು ಹೋಗೋದರ ಬಗ್ಗೆಯೂ ಅವರಿಗೆ ಆಗಲೇ ತಕರಾರಿತ್ತು. ಆ ತಕರಾರನ್ನು ನಾನು ಅರ್ಧ ಒಪ್ಪುತ್ತೇನೆ. ಕೊಲ್ಲುವವನನ್ನು ಪ್ರಾಣಿಯಿಂದ ದೂರ ಒಯ್ಯುವ ಸಾಧನ, ಅದು ಹಳೇ ಕ್ಲಚ್ ವೈರೇ ಆಗಿರಲಿ ಹೆಲಿಕಾಪ್ಟರೇ ಆಗಿರಲಿ, ಕೆಟ್ಟದ್ದು. ಕೊಲ್ಲುವವನು ಕೊಲ್ಲುವ ಹೊತ್ತಿನಲ್ಲಿ ಅಲ್ಲೇ ಇದ್ದು ನೋಡುವ ಹಾಗೆ ಮಾಡುವ ಸಾಧನ ಅಷ್ಟು ಕೆಟ್ಟದ್ದಲ್ಲ.

ಕೊನೆಗೆ ಅವನಿಗೆ ಬರೆದೆ: ‘ರೇಂಜ್‌ಫೈಂಡರ್ ತಗೋ. ಜಿಪಿಎಸ್ ನಿನ್ನ ಫೋನಿನಲ್ಲೇ ಇದೆ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದೇನೂ ನಡೆಯುತ್ತೆ, ಪವರ್ ಬ್ಯಾಂಕ್ ಇಟ್ಕೋ. ಆದರೆ ಬೇಟೆಗೆ ಮುಂಚೆ ಒಂದು ಕೆಲಸ ಮಾಡು. ಹುಲ್ಲಿನ ಗುರಿಗೆ ಹೊಡೆದು ನೋಡು. ಹತ್ತಕ್ಕೆ ಹತ್ತೂ ಒಂದು ಗೇಣಿನೊಳಗೆ ಬೀಳೋದು ಎಷ್ಟು ದೂರದವರೆಗೆ? ಆ ಅಂಕಿ ಬರೆದು ಜೇಬಿನಲ್ಲಿಟ್ಕೋ. ಅದಕ್ಕಿಂತ ಒಂದು ಮೀಟರ್ ಜಾಸ್ತಿ ತೋರಿಸಿದರೂ ಬಿಲ್ಲು ಇಳಿಸು. ಬೇಡ ಅಂತ ಹೇಳೋಕೆ ಆ ಯಂತ್ರ ಬೇಕು. ಹಾಗೂ ಗಾಯ ಆಗಿ ಓಡಿದರೆ, ಬಿದ್ದ ಜಾಗ ಫೋನಿನಲ್ಲಿ ಗುರುತು ಮಾಡ್ಕೊಂಡು ಸಿಗೋವರೆಗೆ ಹುಡುಕು. ರಾತ್ರಿ ಆಯ್ತು ಅಂತ ಬರಬೇಡ.’

‘ಏನ್ ಮಗಾ, ಗ್ಯಾಜೆಟ್ ಕೇಳಿದ್ರೆ ಪ್ರವಚನ ಕೊಡ್ತೀಯ’ ಅಂದ. ತಗೊಂಡ.

ಕಥೆ ಇಲ್ಲಿಗೆ ಮುಗಿಸಿದ್ದರೆ ನನಗೂ ಸಮಾಧಾನ ಇರುತ್ತಿತ್ತು. ಹೋದ ವಾರ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ನಕ್ಕರು. ‘ಹಂದಿಗೆ ಮೀಟ್ರು ಹಿಡಿಯೋ ಮಿಷಿನ್ನಾ? ಸರಿ ಕಣ್ಲಾ. ನನ್ ಗದ್ದೆಗೆ ಮೊನ್ನೆನೂ ಬಂದಿದ್ವು. ನಾನೇನ್ ಮಾಡ್ಲಿ ಹೇಳು?’

ಕೇರಳದಲ್ಲಿ 2022ರಿಂದ, ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸೋಕೆ ಸ್ಥಳೀಯ ಸಂಸ್ಥೆಯ ಅಧ್ಯಕ್ಷರೇ ಆದೇಶ ಕೊಡಬಹುದು, ಆದರೆ ವಿಷ, ಸ್ಫೋಟಕ, ಕರೆಂಟು ಕೂಡದು ಅಂತ ಹೇಳಿದೆ. ‘ಅದು ಕೇರಳ್ದ ಮಾತಾಯ್ತು’ ಅಂದರು. ಸೋಲಾರ್ ಬೇಲಿ ಅಂದೆ. ‘ದುಡ್ಡು?’ ಅಂದರು. ಟೆಕ್ಸಾಸಿನವನಿಗೆ ಹತ್ತು ಸಾಲಿನ ಉತ್ತರ ಬರೆದ ನನ್ನ ಹತ್ತಿರ ದೊಡ್ಡಪ್ಪನಿಗೆ ಕೊಡೋಕೆ ಒಂದು ಸಾಲೂ ಇರಲಿಲ್ಲ. ಉರುಳು ಹಾಕಬೇಡಿ ಅಂತ ಅವರಿಗೆ ನಾನು ಹೇಳಬೇಕಾಗಿಲ್ಲ, ಕರಿಯನ ಮೇಲೆ ಮಣ್ಣು ಮುಚ್ಚಿದವರು ಅವರೇ. ಹಾಕದೇ ಇರೋದರ ಖರ್ಚು ಪ್ರತಿ ಸುಗ್ಗಿಗೂ ಅವರೇ ಕೊಡುತ್ತಿದ್ದಾರೆ. ನಾನು ನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಕೂತು ಸರಿ-ತಪ್ಪು ಹೇಳುತ್ತಿದ್ದೇನೆ.

ಬೇಲಿಗೆ ಎಷ್ಟಾಗುತ್ತೆ ಅಂತ ವಿಚಾರಿಸಿದ್ದೇನೆ. ಅರ್ಧ ನಾನು ಹಾಕುತ್ತೇನೆ ಅಂದಿದ್ದೇನೆ. ಈ ಬೆಳೆ ಕಟಾವಾಗುವ ಮುಂಚೆ ಮುಗಿಸಬೇಕು.